ಪುಣೆಯಲ್ಲೂ ಪೊಲೀಸರು ಇರ್ತಾರಾ ತಾತ?

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ತಿಪಟೂರಿನ ಹತ್ತಿರ ನಮ್ಮ ಊರು, ಒಂದಿಷ್ಟು ತೆಂಗಿನ ತೋಟ ಇದೆ. ನನಗೆ ಒಬ್ಬನೇ ಮಗ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದ. ಠೇವಣಿದಾರರ ದುಡ್ಡಿನ ವಿಚಾರದಲ್ಲಿ ಕೇಸಾಗಿ ಏಳು ತಿಂಗಳಿಂದ ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿನಲ್ಲಿದ್ದಾನೆ. ಜಾಮೀನು ಸಿಕ್ಕಿಲ್ಲ. ಮೊಮ್ಮಗಳಿಗೆ ಏಳು ವರ್ಷ, ಎರಡನೇ ತರಗತಿ. ಮೊಮ್ಮಗನಿಗೆ ಒಂಬತ್ತು ತಿಂಗಳು. ಬೆಳಗಿನ ಜಾವ ಪೊಲೀಸರು ಬಂದು ಕರೆದುಕೊಂಡು ಹೋದಾಗ ಹುಡುಗಿ ಮಲಗಿದ್ದಳು. ಅಪ್ಪನಿಗೆ ಪುಣೆಯಲ್ಲಿ ಹೊಸ ಕೆಲಸ ಸಿಕ್ಕಿದೆ ಎಂದು ಹೇಳಿದ್ದೇವೆ. ಮೊದಮೊದಲು ದಿನಾ ಕೇಳುತ್ತಿದ್ದಳು, ಈಗ ಕೇಳುವುದನ್ನೇ ಬಿಟ್ಟಿದ್ದಾಳೆ, ಮರೆತಳು ಎಂದುಕೊಂಡಿದ್ದೇವೆ. ಮೊನ್ನೆ ಒಂದು ಸಲ ಮಾತ್ರ ‘ಪುಣೆಯಲ್ಲೂ ಪೊಲೀಸರು ಇರ್ತಾರಾ ತಾತ’ ಅಂದಳು, ಇರ್ತಾರೆ ಅಂದೆ. ಸೊಸೆ ಹದಿನೈದು ದಿನಕ್ಕೊಮ್ಮೆ ಜೈಲಿಗೆ ಹೋಗಿ ಬರುತ್ತಾಳೆ. ಈಗ ದಸರಾ ರಜೆಯಲ್ಲಿ ಎರಡೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಹಸುಗೂಸನ್ನು ಅಂಥ ಜಾಗಕ್ಕೆ ಒಯ್ಯುವುದೇ ಎಂದು ನನ್ನ ಹೆಂಡತಿ ಅಳುತ್ತಾಳೆ. ಒಮ್ಮೆ ಜೈಲು ನೋಡಿದ ಮಗುವಿಗೆ ಆಮೇಲೆ ಜೈಲಿನ ಭಯವೇ ಇರುವುದಿಲ್ಲ ಎನ್ನುವುದು ನನ್ನ ಚಿಂತೆ. ಇಷ್ಟು ವರ್ಷ ಊರ ಮಕ್ಕಳಿಗೆ ನೀತಿ ಹೇಳಿದವನು ನಾನು. ಸೊಸೆ ನಿಮ್ಮ ಅಂಕಣ ಓದುತ್ತಾಳೆ. ದಯವಿಟ್ಟು ಅವಳಿಗೆ ನಾಲ್ಕು ಬುದ್ಧಿಮಾತು ಬರೆಯಿರಿ.

ಉತ್ತರ: ಮೇಷ್ಟ್ರೇ, ನಮಸ್ಕಾರ. ನಿಮ್ಮ ಸೊಸೆಯೂ ಇದನ್ನು ಓದುತ್ತಾರೆ ಎಂದಿರುವುದರಿಂದ ಸುತ್ತಿ ಬಳಸದೆ ಹೇಳುತ್ತೇನೆ. ಹುಡುಗಿ ಅಪ್ಪನನ್ನು ನೋಡಬೇಕು ಎನ್ನುವ ವಿಚಾರದಲ್ಲಿ ನಾನು ಅವರ ಕಡೆ. ಆದರೆ ಪುಣೆಯ ಕಥೆಯನ್ನು ಹಾಗೇ ಇಟ್ಟುಕೊಂಡು, ರಜೆಯಲ್ಲಿ ಬೆಂಗಳೂರು ತೋರಿಸುತ್ತೇವೆ ಎಂದು ಹೊರಡಿಸಿ, ಜೈಲಿನ ಗೇಟಿನ ಮುಂದೆ ನಿಲ್ಲಿಸುವುದಾದರೆ ಖಂಡಿತ ಬೇಡ. ಕೂಸಿನ ವಿಚಾರ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟ ಆ ಪೊಲೀಸರ ಪ್ರಶ್ನೆಯನ್ನು ಇನ್ನೊಂದು ಸಲ ಓದಿಕೊಳ್ಳಿ. ಅಪ್ಪ ಪರವೂರಿಗೆ ಕೆಲಸಕ್ಕೆ ಹೋಗಿದ್ದರೆ ಮಕ್ಕಳು ಕೇಳುವುದೇ ಬೇರೆ. ಯಾವತ್ತು ಬರ್ತಾರೆ, ನನಗೇನು ತರ್ತಾರೆ, ಅಲ್ಲಿ ಸಮುದ್ರ ಇದೆಯಾ. ಪೊಲೀಸರು ಇದ್ದಾರಾ ಎಂದು ಕೇಳುವ ಮಗುವಿಗೆ ಏನೋ ಗೊತ್ತಾಗಿದೆ. ಪೊಲೀಸರು ಬಂದಾಗ ಅವಳು ಮಲಗಿದ್ದಳು ಅಂದಿರಿ. ಮಲಗಿದ್ದಳು ನಿಜ, ನಿದ್ದೆಯಲ್ಲಿದ್ದಳೋ ಇಲ್ಲವೋ ಅವಳೊಬ್ಬಳಿಗೇ ಗೊತ್ತು. ಅಮ್ಮ ಹದಿನೈದು ದಿನಕ್ಕೊಮ್ಮೆ ಬೆಳಗಿನ ರೈಲಿಗೆ ಹೋಗಿ, ರಾತ್ರಿ ಕಣ್ಣು ಊದಿಸಿಕೊಂಡು ಬರುವುದನ್ನು ಅವಳು ಕಂಡಿದ್ದಾಳೆ. ತಾನು ಹತ್ತಿರ ಬಂದ ಕೂಡಲೇ ದೊಡ್ಡವರು ಮಾತು ಬದಲಿಸುವುದನ್ನು ಕಂಡಿದ್ದಾಳೆ. ಪುಣೆಗೆ ಹೋದ ಅಪ್ಪ ಏಳು ತಿಂಗಳಲ್ಲಿ ಒಂದು ವಿಡಿಯೊ ಕಾಲ್ ಕೂಡ ಮಾಡಲಿಲ್ಲ. ಕೂಡುವುದು ಕಳೆಯುವುದು ಅವಳಿಗೆ ಕಲಿಸಿದವರು ನೀವೇ ಇರಬೇಕು, ಅಲ್ಲವೇ?

ಅವಳು ಕೇಳುವುದನ್ನು ಬಿಟ್ಟಿರುವುದು ಈ ಮಾತು ಎತ್ತಿದರೆ ಮನೆಯಲ್ಲಿ ಏನಾಗುತ್ತದೆ ಎಂದು ಕಲಿತಿರುವುದರಿಂದ. ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ, ಅಮ್ಮ ಸುಮ್ಮನಾಗುತ್ತಾಳೆ, ತಾತ ಎದ್ದು ತೋಟದ ಕಡೆ ನಡೆಯುತ್ತಾರೆ. ಏಳು ವರ್ಷದ ಮಗು ಇಷ್ಟೆಲ್ಲವನ್ನು ನೋಡಿ ನಿಮ್ಮನ್ನೇ ಕಾಪಾಡಲು ಹೊರಟಿದೆ. ಹೀಗೆ ಸುಮ್ಮನಾದ ಮಕ್ಕಳು ಒಳಗೊಳಗೇ ತಮ್ಮದೇ ಒಂದು ಕಾರಣ ಹುಡುಕಿಕೊಳ್ಳುತ್ತಾರೆ. ಆ ವಯಸ್ಸಿನಲ್ಲಿ ಸಿಗುವ ಕಾರಣ ಸಾಮಾನ್ಯವಾಗಿ ತಾನೇ: ನಾನು ಹಿಂದಿನ ದಿನ ಸೈಕಲ್ ಬೇಕು ಎಂದು ಅತ್ತೆ, ಅದಕ್ಕೇ ಅಪ್ಪ ಹೋದರು. ತಾಯಿ ಜೈಲಿನಲ್ಲಿದ್ದ ಚಿಕ್ಕ ಮಕ್ಕಳ ಬಗ್ಗೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೂಲಿ ಪೋಲ್ಮನ್ 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮ್ಮ ಎಲ್ಲಿದ್ದಾಳೆ ಎಂಬುದನ್ನು ವಯಸ್ಸಿಗೆ ತಕ್ಕ ಹಾಗೆ, ಮುಚ್ಚುಮರೆಯಿಲ್ಲದೆ ತಿಳಿಸಿದ್ದ ಮಕ್ಕಳಿಗೆ ತಮ್ಮನ್ನು ನೋಡಿಕೊಳ್ಳುತ್ತಿದ್ದವರ ಮೇಲೆ ಹೆಚ್ಚು ಭರವಸೆ ಇತ್ತು ಎಂದು ಅದರಲ್ಲಿ ಕಂಡುಬಂತು. ಮಕ್ಕಳ ನಡುವೆಯೇ ಜೀವ ಸವೆಸಿದ ನಿಮಗೆ ಇದು ಹೊಸ ಸಂಗತಿಯೇನೂ ಅಲ್ಲ. ಬೇರೆಯವರ ಮನೆಯ ಮಗುವಾಗಿದ್ದರೆ ನೀವೂ ಇದನ್ನೇ ಹೇಳುತ್ತಿದ್ದಿರಿ.

ಹಾಗಾದರೆ ಹೇಳುವುದು ಹೇಗೆ? ತಾಯಿಯೇ ಹೇಳಲಿ, ನೀವು ಪಕ್ಕದಲ್ಲಿ ಕೂತಿರಿ. ಮಲಗುವ ಹೊತ್ತಿನಲ್ಲಿ ಬೇಡ, ಬೆಳಿಗ್ಗೆ ತಿಂಡಿಯಾದ ಮೇಲೆ ಹೇಳಿದರೆ ಇಡೀ ದಿನ ಬಂದು ಬಂದು ಕೇಳಲು ಅವಳಿಗೆ ಸಮಯ ಇರುತ್ತದೆ. ಮಾತು ಇಷ್ಟಿದ್ದರೆ ಸಾಕು: ‘ಅಪ್ಪ ಪುಣೆಯಲ್ಲಿಲ್ಲ ಕಂದ, ಬೆಂಗಳೂರಿನ ಜೈಲಿನಲ್ಲಿದ್ದಾರೆ. ಅಪ್ಪ ಕೆಲಸ ಮಾಡ್ತಿದ್ದ ಕಡೆ ಜನ ಇಟ್ಟಿದ್ದ ದುಡ್ಡು ಇಲ್ಲದಂಗಾಗಿದೆ. ಅದಕ್ಕೆ ಅಪ್ಪನೂ ಕಾರಣ ಅಂತ ಪೊಲೀಸರು ಹೇಳ್ತಿದ್ದಾರೆ. ನಿಜ ಏನು ಅಂತ ಜಡ್ಜ್ ವಿಚಾರಿಸ್ತಿದ್ದಾರೆ. ಅಲ್ಲೀವರೆಗೂ ಅಪ್ಪ ಅಲ್ಲಿರಬೇಕು. ನಿನಗೆ ಬೇಜಾರಾಗುತ್ತೆ ಅಂತ ನಾವು ಪುಣೆ ಅಂದ್ವಿ, ಹಾಗೆ ಹೇಳಬಾರದಿತ್ತು. ನೀನು ಮಾಡಿದ ಯಾವುದರಿಂದಲೂ ಇದು ಆಗಿದ್ದಲ್ಲ.’ ಕೊನೆಯ ವಾಕ್ಯವನ್ನು ಆ ದಿನ ಎರಡು ಮೂರು ಸಲ ಹೇಳಿ, ಮುಂದಿನ ವಾರವೂ ಒಂದು ಸಲ ಹೇಳಿ.

‘ಅಪ್ಪ ತಪ್ಪು ಮಾಡಿದ್ರಾ?’ ಎಂದು ಕೇಳಿಯೇ ಕೇಳುತ್ತಾಳೆ. ಆಗ ‘ಅಪ್ಪ ದೇವರಂಥೋರು, ಯಾರೋ ಸಿಕ್ಕಿಸಿಬಿಟ್ಟರು’ ಎಂಬ ಇನ್ನೊಂದು ಕಥೆ ಕಟ್ಟಬೇಡಿ. ಹಾಗೆಯೇ ಆರೋಪವನ್ನು ತೀರ್ಪಿನಂತೆ ಓದಲೂಬೇಡಿ. ಈ ದೇಶದ ಜೈಲುಗಳಲ್ಲಿ 2022ರ ಡಿಸೆಂಬರ್ 31ರಂದು ಇದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಜನ ನಿಮ್ಮ ಮಗನಂತೆ ವಿಚಾರಣಾಧೀನರು, ಅಂದರೆ ಅಪರಾಧಿ ಎಂದು ಯಾವ ಕೋರ್ಟೂ ಇನ್ನೂ ಹೇಳಿರದವರು. ‘ನಮಗೂ ಪೂರ್ತಿ ಗೊತ್ತಿಲ್ಲ, ಕೋರ್ಟ್ ಹೇಳುತ್ತೆ, ಹೇಳಿದ ಮೇಲೆ ನಿನಗೂ ಹೇಳ್ತೀವಿ’ ಅಂದರೆ ಅದರಲ್ಲಿ ಸುಳ್ಳಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಆ ಸಂಘದಲ್ಲಿ ದುಡ್ಡು ಕಳೆದುಕೊಂಡವರು ನಿಮ್ಮ ಸುತ್ತಮುತ್ತಲ ಊರಿನವರೇ ಇದ್ದಾರು. ಅವರ ಮಕ್ಕಳು ಇವಳ ಪಕ್ಕದ ಬೆಂಚಿನಲ್ಲೇ ಕೂರುತ್ತಿರಬಹುದು. ಯಾವತ್ತೋ ಒಂದು ದಿನ ಆಟದ ನಡುವೆ ಆ ಮಾತು ಬಂದೇ ಬರುತ್ತದೆ. ಆವತ್ತು ಅವಳ ಬಾಯಲ್ಲಿ ಒಂದು ಉತ್ತರ ಇರಬೇಕು. ‘ಅದು ನಮ್ಮ ಮನೆ ವಿಷಯ, ಅಮ್ಮನ್ನ ಕೇಳು’ ಎನ್ನುವುದನ್ನು ಹೇಳಿಕೊಡಿ. ಗುಟ್ಟು ಕಾಪಾಡು ಎಂದು ಮಾತ್ರ ಅವಳ ತಲೆಗೆ ಹೊರಿಸಬೇಡಿ. ಕ್ಲಾಸ್ ಟೀಚರ್‌ಗೆ ಸೊಸೆ ಅಥವಾ ನೀವು ಹೋಗಿ ವಿಷಯ ತಿಳಿಸಿ ಬರುವುದು ಒಳ್ಳೆಯದು. ಶಿಕ್ಷಕರ ಮುಂದೆ ಶಿಕ್ಷಕರು ಹೋಗಿ ಇದನ್ನು ಹೇಳುವುದು ಎಷ್ಟು ಕಷ್ಟ ಎಂದು ನನಗೆ ಅರ್ಥವಾಗುತ್ತದೆ. ಆದರೂ ಹೋಗಿ.

ಜೈಲು ನೋಡಿದರೆ ಭಯ ಹೋಗುತ್ತದೆ ಎಂಬ ನಿಮ್ಮ ಚಿಂತೆಗೆ ನನ್ನ ಉತ್ತರ ಚಿಕ್ಕದು. ಅವಳು ಮುಂದೆ ಸರಿಯಾಗಿ ಬದುಕಿದರೆ ಅದು ಜೈಲಿನ ಭಯದಿಂದ ಆಗುವಂಥದ್ದಲ್ಲ. ನಿಮ್ಮ ಮಗನಿಗೂ ಆ ಭಯ ಇದ್ದೇ ಇತ್ತು, ಅಲ್ಲವೇ?

ಇನ್ನು ಭೇಟಿಯ ಮಾತು. ಸಿನಿಮಾದಲ್ಲಿ ನೋಡಿದ ಜೈಲು ಮಕ್ಕಳ ತಲೆಯಲ್ಲಿರುತ್ತದೆ. ಕತ್ತಲೆ ಕೋಣೆ, ಸರಪಳಿ, ಪಟ್ಟೆ ಪಟ್ಟೆ ಬಟ್ಟೆ, ಹೊಡೆಯುವ ಪೊಲೀಸರು. ಅದನ್ನು ಮೊದಲು ತೆಗೆಯಬೇಕು. ವಿಚಾರಣಾಧೀನರು ತಮ್ಮ ಸ್ವಂತ ಬಟ್ಟೆಯನ್ನೇ ಹಾಕಿಕೊಳ್ಳಬಹುದು. ಆದ್ದರಿಂದ ‘ಅಪ್ಪ ಮನೆಯ ಶರ್ಟಿನಲ್ಲೇ ಇರ್ತಾರೆ’ ಎಂದು ಅವಳಿಗೆ ಹೇಳಬಹುದು. ಅವಳು ಗುರುತಿಸುವ ಒಂದು ಶರ್ಟನ್ನು ಸೊಸೆ ಮೊದಲೇ ಕೊಟ್ಟು ಬರಲಿ. ಹೊರಗೆ ಸಾಲು ಇರುತ್ತದೆ, ಹೆಸರು ಬರೆಸಬೇಕು, ಆಧಾರ್ ತೋರಿಸಬೇಕು, ಫೋನ್ ಒಳಗೆ ಬಿಡುವುದಿಲ್ಲ, ತಪಾಸಣೆ ಮಾಡುತ್ತಾರೆ, ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡುತ್ತಾರೆ. ಇದನ್ನೆಲ್ಲ ಒಂದು ಕಥೆಯ ಹಾಗೆ ಮೊದಲೇ ಹೇಳಿದರೆ ಗೇಟಿನಲ್ಲಿ ಯಾರೋ ಅಮ್ಮನ ಮೈ ಮುಟ್ಟಿದಾಗ ಮಗು ಬೆಚ್ಚುವುದಿಲ್ಲ. ಅಜ್ಜಿ ಕೋಡುಬಳೆ, ಕೊಬ್ಬರಿ ಮಿಠಾಯಿ ಡಬ್ಬಿ ಕಟ್ಟಿ ಕಳಿಸುವುದು ಸಹಜ. ಆದರೆ ಮನೆಯ ತಿಂಡಿ ಒಳಗೆ ಹೋಗುತ್ತದೋ ಇಲ್ಲವೋ ಕೇಳಿಕೊಂಡೇ ಕಟ್ಟಿ. ‘ಅಪ್ಪನಿಗೆ ನಾನೇ ಕೊಡ್ತೀನಿ’ ಎಂದು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದ ಡಬ್ಬಿಯನ್ನು ಗೇಟಿನಲ್ಲಿ ತಡೆದರೆ ಅವಳಿಗೆ ಆ ದಿನವೆಲ್ಲ ಅದೇ ನೆನಪಾಗಿ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಅಪ್ಪನನ್ನು ಮುಟ್ಟುವಂತಿಲ್ಲ ಎಂಬುದನ್ನು. ಹಲವು ಜೈಲುಗಳಲ್ಲಿ ಭೇಟಿ ಜಾಲರಿಯ ಅಥವಾ ಗಾಜಿನ ಆಚೆ ಈಚೆ ನಡೆಯುತ್ತದೆ, ಮಾತು ಇಂಟರ್‌ಕಾಮ್‌ನಲ್ಲಿ. ಅಕ್ಕಪಕ್ಕದ ಕುಟುಂಬದವರೆಲ್ಲ ಒಟ್ಟಿಗೇ ಕೂಗಿ ಮಾತಾಡುವುದರಿಂದ ಗದ್ದಲ ಇರುತ್ತದೆ. ಕೈಗೆ ಸಿಗದ ಅಪ್ಪನನ್ನು ನೋಡುವುದು ಮಕ್ಕಳಿಗೆ ನೋವಿನ ಸಂಗತಿಯೇ. ಸಿದ್ಧತೆಯಿಲ್ಲದ ಇಂಥ ಭೇಟಿಗಳಿಂದ ಮಕ್ಕಳ ಕಳವಳ ಹೆಚ್ಚಿದ್ದನ್ನೂ ಈ ಕ್ಷೇತ್ರದ ಅಧ್ಯಯನಗಳು ದಾಖಲಿಸಿವೆ. ನಾನು ಭೇಟಿಯ ಪರ ಎಂದ ಮಾತ್ರಕ್ಕೆ ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಅದಕ್ಕೇ ಎರಡು ಮೆಟ್ಟಿಲು ಸೂಚಿಸುತ್ತೇನೆ. ಕೇಂದ್ರ ಸರ್ಕಾರದ ಇ-ಪ್ರಿಸನ್ಸ್ ಜಾಲತಾಣದಲ್ಲಿ ಇ-ಮುಲಾಕಾತ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ನೋಂದಾಯಿಸಿ, ಜೈಲಿನವರು ಒಪ್ಪಿದರೆ ಮನೆಯಿಂದಲೇ ವಿಡಿಯೊದಲ್ಲಿ ಮಾತಾಡಬಹುದು. ಮೊದಲ ಭೇಟಿ ಹಾಗಾಗಲಿ. ಎರಡನೆಯದಾಗಿ, ಮಕ್ಕಳಿಗೆ ಅಪ್ಪನನ್ನು ಹತ್ತಿರದಿಂದ ಕಾಣಲು ಅವಕಾಶ ಕೊಡಿ ಎಂದು ಕಾರಾಗೃಹದ ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಡಿ, ಮಕ್ಕಳ ವಯಸ್ಸನ್ನು ಅದರಲ್ಲಿ ಕಾಣಿಸಿ. ಕೊಡುವುದು ಬಿಡುವುದು ಅವರ ವಿವೇಚನೆ. ಮಹಾರಾಷ್ಟ್ರದ ಜೈಲುಗಳಲ್ಲಿ ಮಕ್ಕಳು ಬಂದು ಅಪ್ಪ ಅಮ್ಮನನ್ನು ತಬ್ಬಿಕೊಳ್ಳಲೆಂದೇ ‘ಗಳಾಭೇಟ್’ ಎಂಬ ಕಾರ್ಯಕ್ರಮ ನಡೆಸಿದ್ದಾರೆ. ಆದ್ದರಿಂದ ಇದು ಯಾರೂ ಕೇಳದ ಬೇಡಿಕೆಯೇನಲ್ಲ. ಅರ್ಜಿ ಬರೆಯಲು ವಕೀಲರು ಸಿಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ.

ಕೆಲವರು ಜೈಲಿನ ಗೊಡವೆಯೇ ಬೇಡ, ಕೋರ್ಟಿಗೆ ಹಾಜರುಪಡಿಸುವ ದಿನ ಕಾರಿಡಾರ್‌ನಲ್ಲಿ ಎರಡು ನಿಮಿಷ ತೋರಿಸಿದರಾಯಿತು ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸುತ್ತ ಪೊಲೀಸರು, ನುಗ್ಗಾಟ, ವ್ಯಾನಿನಿಂದ ಇಳಿಸಿ ಹತ್ತಿಸುವ ಅವಸರ. ಅಪ್ಪನ ಮುಖ ಕಂಡಿತು ಎನ್ನುವಷ್ಟರಲ್ಲಿ ಎಳೆದುಕೊಂಡು ಹೋಗಿರುತ್ತಾರೆ. ಬೇಸರವಾದರೂ ಜೈಲಿನ ಭೇಟಿಕೋಣೆಯೇ ವಾಸಿ.

ನಿಮ್ಮ ಮಗನಿಗೂ ಸಿದ್ಧತೆ ಬೇಕು. ಅವರು ಅತ್ತರೆ ತೊಂದರೆಯಿಲ್ಲ, ಆದರೆ ಮಗು ಬಂದು ಸಮಾಧಾನ ಮಾಡಬೇಕಾದ ಹಾಗೆ ಅಳಬಾರದು. ‘ದೀಪಾವಳಿಗೆ ಬಂದುಬಿಡ್ತೀನಿ’ ಎಂಬ ಮಾತು ಬೇಡವೇ ಬೇಡ. ಜಾಮೀನು ಅವರ ಕೈಯಲ್ಲಿಲ್ಲ, ಮಗಳು ಮಾತ್ರ ಪಟಾಕಿ ಎತ್ತಿಟ್ಟುಕೊಂಡು ಕಾಯುತ್ತಾಳೆ. ಹಲ್ಲು ಬಿದ್ದಿದೆಯಾ, ಯಾವ ಪದ್ಯ ಕಲಿತೆ, ತೋಟದ ನಾಯಿ ಮರಿ ಹಾಕಿತಾ, ಇಂಥವನ್ನೇ ಕೇಳಲಿ. ಗಂಡ ಹೆಂಡತಿ ಕೇಸಿನ ವಿಚಾರ, ವಕೀಲರ ಫೀಜು ಮಾತಾಡಬೇಕಿದ್ದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಲಿ. ಸಿಗುವ ಸ್ವಲ್ಪ ಹೊತ್ತನ್ನು ದೊಡ್ಡವರು ತಿಂದುಬಿಟ್ಟು, ಮಗು ಅಮ್ಮನ ಸೊಂಟದ ಹತ್ತಿರ ನಿಂತು ಗೋಡೆ ನೋಡುತ್ತ ಕಳೆಯುವುದೇ ಹೆಚ್ಚು.

ಈಗ ಕೂಸು. ನಿಮ್ಮ ಹೆಂಡತಿಯವರಿಗೆ ಇದನ್ನು ಓದಿ ಹೇಳಿ. 2022ರ ಕೊನೆಯಲ್ಲಿ ಭಾರತದ ಜೈಲುಗಳಲ್ಲಿ ತಾಯಂದಿರ ಜೊತೆ 1,764 ಮಕ್ಕಳು ಬದುಕುತ್ತಿದ್ದರು. ಆರು ವರ್ಷದವರೆಗೆ ಮಗು ಒಳಗಿರುವ ತಾಯಿಯ ಜೊತೆ ಇರಬಹುದು, ಅಂಥ ಮಗುವನ್ನು ಕೈದಿಯಂತೆ ಕಾಣಕೂಡದು, ಅಲ್ಲೇ ಹುಟ್ಟಿದರೆ ಜನನ ಪತ್ರದಲ್ಲಿ ಜೈಲಿನ ಹೆಸರು ಬರೆಯಬಾರದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. (ಒಳಗಿರುವ ಮಕ್ಕಳನ್ನು ಸರ್ಕಾರ ಎಣಿಸುತ್ತದೆ. ನಿಮ್ಮ ಮೊಮ್ಮಕ್ಕಳ ಹಾಗೆ ಹೊರಗೆ ಕಾಯುತ್ತಿರುವವರ ಲೆಕ್ಕ ಆ ಎಣಿಕೆಯಲ್ಲಿಲ್ಲ.) ಆ ಗೋಡೆಯಿಂದ ಒಂಬತ್ತು ತಿಂಗಳ ಕೂಸಿಗೆ ಏನೂ ಅಂಟಿಕೊಳ್ಳುವುದಿಲ್ಲ. ಅದಕ್ಕೆ ತೊಂದರೆ ಕೊಡುವುದು ಬಿಸಿಲು, ಸಾಲು, ಹಸಿವು, ಕೆಮ್ಮುವ ಜನರ ಗುಂಪು. ದೃಷ್ಟಿ ತೆಗೆಯುವ ಸಮಾಧಾನವನ್ನು ಅಜ್ಜಿಯಿಂದ ಕಿತ್ತುಕೊಳ್ಳಬೇಡಿ, ವಾಪಸು ಬಂದ ಮೇಲೆ ಬೇಕಾದರೆ ತೆಗೆಯಲಿ.

ಹಾಗೆಂದು ಸೊಸೆಯವರಿಗೂ ಒಂದು ಮಾತು ಹೇಳಲೇಬೇಕು. ಅಮ್ಮಾ, ಈ ಭೇಟಿಯಿಂದ ಕೂಸಿಗೆ ಸಿಗುವುದು ಬಹಳ ಕಡಿಮೆ, ಸಿಗುವುದೆಲ್ಲ ನಿಮ್ಮ ಯಜಮಾನರಿಗೆ. ಅದು ತಪ್ಪು ಆಸೆಯಲ್ಲ. ನೆಲ್ಸನ್ ಮಂಡೇಲಾ ಇದ್ದ ರಾಬೆನ್ ದ್ವೀಪದ ಜೈಲಿಗೆ ಎರಡು ವರ್ಷ ದಾಟಿದ, ಹದಿನಾರು ತುಂಬದ ಮಕ್ಕಳು ಬರುವಂತಿರಲಿಲ್ಲ. ತಮ್ಮ ಹೆಣ್ಣುಮಕ್ಕಳ ಬಾಲ್ಯವನ್ನೇ ಅವರು ನೋಡಲಿಲ್ಲ. 1978ರಲ್ಲಿ ಮಗಳು ಜೆನಿ ತನ್ನ ಹಸುಗೂಸಿನೊಂದಿಗೆ ಬಂದಳು. ಅಳಿಯ ಸ್ವಾಜಿಲ್ಯಾಂಡಿನ ರಾಜಮನೆತನದವನಾಗಿದ್ದರಿಂದ ಗಾಜಿನ ತಡೆಯಿಲ್ಲದ ಭೇಟಿ ಸಿಕ್ಕಿತು. ಭೇಟಿ ಮುಗಿಯುವವರೆಗೂ ಮಂಡೇಲಾ ಆ ಮೊಮ್ಮಗಳನ್ನು ಕೈಯಿಂದ ಇಳಿಸಲಿಲ್ಲ. ಮಗುವಿಗೆ ಅದರ ನೆನಪು ಉಳಿದಿರಲಾರದು, ಅವರಿಗೆ ಉಳಿಯಿತು. ಎರಡು ತಿಂಗಳ ಮಗುವನ್ನು ಬಿಟ್ಟು ಹೋದ ಅಪ್ಪನಿಗೂ ಅಂಥ ಹಸಿವು ಇರುತ್ತದೆ. ಆದರೆ ಒಂಬತ್ತು ತಿಂಗಳು ಅಂದರೆ ಹೊಸ ಮುಖ ಕಂಡರೆ ಕಿರುಚುವ ವಯಸ್ಸು. ನಿಮ್ಮ ಮಗ ಅಪ್ಪನನ್ನು ನೋಡಿ ಅಳುವ ಸಂಭವವೇ ಹೆಚ್ಚು. ಯಾವ ಮಗುವಾದರೂ ಅಷ್ಟೇ ಎಂದು ನಿಮ್ಮ ಯಜಮಾನರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಆ ಅಳುವನ್ನು ಅವರು ಶಿಕ್ಷೆಯಂತೆ ತೆಗೆದುಕೊಳ್ಳುತ್ತಾರೆ.

ಆದ್ದರಿಂದ ಮೊದಲ ಸಲ ಹುಡುಗಿಯೊಬ್ಬಳೇ ಹೋಗಲಿ, ಆ ದಿನ ಅಮ್ಮ ಪೂರ್ತಿಯಾಗಿ ಅವಳಿಗೇ ಸೇರಿರಲಿ. ಕೂಸಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ ಹಾಕಿಸುವ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕಿಸಿ, ಎರಡು ವಾರ ಬಿಟ್ಟು ಎರಡನೇ ಭೇಟಿಗೆ ಒಯ್ಯಬಹುದು. ಅಷ್ಟರಲ್ಲಿ ನಿಮ್ಮ ಅರ್ಜಿಗೂ ಒಂದು ಉತ್ತರ ಬಂದಿರುತ್ತದೆ. ರೈಲಿನಲ್ಲಿ ಬಂದು ಮೆಜೆಸ್ಟಿಕ್‌ನಿಂದ ಹಸಿರು ಮೆಟ್ರೊದಲ್ಲಿ ಆರ್.ವಿ. ರೋಡ್‌ವರೆಗೆ ಬನ್ನಿ. ಅಲ್ಲಿಂದ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಹೊಸ ರೋಡ್ ನಿಲ್ದಾಣಕ್ಕೆ ಬಂದು ಆಟೊ ಹಿಡಿದರೆ, ಕೂಸಿನೊಂದಿಗೆ ಬಸ್ಸಿನಲ್ಲಿ ಜೋಲಿ ಹೊಡೆಯುವುದು ತಪ್ಪುತ್ತದೆ. ಸಾಲಿಗೆ ನಿಲ್ಲುವ ಮುಂಚೆ ಹಾಲು ಕುಡಿಸಿ. ರಾಗಿ ಸರಿ ಫ್ಲಾಸ್ಕಿನಲ್ಲಿರಲಿ. ಇನ್ನೊಬ್ಬ ದೊಡ್ಡವರು ಜೊತೆಗಿರಲೇಬೇಕು, ಕೂಸು ರಂಪ ಮಾಡಿದರೆ ಎತ್ತಿಕೊಂಡು ಹೊರಗೆ ಬರಲು.

ಎಲ್ಲ ಮನೆಗೂ ಈ ಸಲಹೆ ಹೊಂದುವುದಿಲ್ಲ. ಒಳಗಿರುವವರು ಆ ಮಗುವಿಗೋ ಅದರ ತಾಯಿಗೋ ಕೈಮಾಡಿದವರಾಗಿದ್ದರೆ, ಮಗುವೇ ಕೇಸಿನಲ್ಲಿ ಸಾಕ್ಷಿಯಾಗಿದ್ದರೆ, ಕೋರ್ಟ್ ಬೇಡ ಎಂದಿದ್ದರೆ ಒಯ್ಯಕೂಡದು. ನಿಮ್ಮದು ಅಂಥದ್ದಲ್ಲ. ಆದರೆ ಎಲ್ಲ ಹೇಳಿದ ಮೇಲೆ ಹುಡುಗಿಯೇ ‘ನಾನು ಬರಲ್ಲ’ ಅಂದರೆ? ಒತ್ತಾಯ ಬೇಡ. ಒಂದು ಚಿತ್ರ ಬರೆದು ಕಳಿಸಲಿ, ಮುಂದಿನ ಸಲ ಮತ್ತೆ ಕೇಳಿ. ಹೋಗಿ ಬಂದ ರಾತ್ರಿ ಹಾಸಿಗೆ ಒದ್ದೆಯಾಗಬಹುದು, ಎರಡು ದಿನ ಸಿಡಿಮಿಡಿ ಇರಬಹುದು. ಅದನ್ನು ಹಿಡಿದುಕೊಂಡು ‘ನೋಡಿದೆಯಾ, ನಾನು ಬೇಡ ಅಂದಿದ್ದೆ’ ಎಂದು ಸೊಸೆಯ ಮೇಲೆ ಹೋಗಬೇಡಿ ಮೇಷ್ಟ್ರೇ. ವಾರಗಟ್ಟಲೆ ನಿದ್ದೆ, ಊಟ, ಶಾಲೆ ಕೆಟ್ಟರೆ ಮಾತ್ರ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ನಿಮ್ಮದೇ ವಿಷಯ. ಸೊಸೆ ಹೋಗುತ್ತಾಳೆ, ಹೆಂಡತಿ ಅಳುತ್ತಾಳೆ, ಮೊಮ್ಮಗಳು ಕೇಳುತ್ತಾಳೆ ಎಂದೆಲ್ಲ ಬರೆದಿದ್ದೀರಿ. ಈ ಏಳು ತಿಂಗಳಲ್ಲಿ ನೀವು ಮಗನನ್ನು ನೋಡಿದಿರೋ ಇಲ್ಲವೋ ಎಂಬುದು ಪತ್ರದಲ್ಲಿ ಎಲ್ಲೂ ಇಲ್ಲ. ನೋಡಿಲ್ಲ ಎಂದುಕೊಂಡೇ ಬರೆಯುತ್ತಿದ್ದೇನೆ. ನಿಮಗೆ ಕೋಪ ಇದೆ, ಅದು ನ್ಯಾಯವಾದದ್ದೇ. ಊರಿನಲ್ಲಿ ತಲೆಯೆತ್ತಿ ನಡೆದವರಿಗೆ ಈಗ ಅಂಗಡಿ ಮುಂದೆ ನಿಲ್ಲುವುದೂ ಕಷ್ಟವಾಗಿರಬಹುದು. ಆ ಕೋಪವನ್ನು ಮಗನಿಗೇ ಹೇಳಿ, ಕೇಳಿಸಿಕೊಳ್ಳಬೇಕಾದವನು ಅವನು. ಹುಡುಗಿಯನ್ನು ಕರೆದೊಯ್ಯುವ ಮೊದಲು ನೀವು ಒಬ್ಬರೇ ಒಮ್ಮೆ ಹೋಗಿ ಬನ್ನಿ. ಎಲ್ಲಿ ಕೂರಬೇಕು, ನೆರಳು ಎಲ್ಲಿದೆ, ಕುಡಿಯುವ ನೀರು, ಶೌಚಾಲಯ ಎಲ್ಲಿ, ಗಾಜು ಎಷ್ಟು ಎತ್ತರ, ಅವಳಿಗೆ ಸ್ಟೂಲು ಬೇಕಾಗುತ್ತದಾ ಎಂದು ನೋಡಿಕೊಂಡು ಬನ್ನಿ. ‘ನಾನು ನೋಡಿದೀನಿ ಕಂದ, ಹೀಗಿದೆ’ ಎಂದು ತಾತನೇ ಹೇಳಿದರೆ ಅವಳು ನಂಬುತ್ತಾಳೆ. ಯಾವ ರೈಲು, ಯಾವ ಕೌಂಟರ್, ಎಷ್ಟು ಹೊತ್ತಿಗೆ ಹೋದರೆ ಸಾಲು ಚಿಕ್ಕದಿರುತ್ತದೆ, ಫೋನ್ ಯಾರ ಹತ್ತಿರ ಬಿಟ್ಟು ಹೋಗಬಹುದು ಎಂಬುದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ನಿಮ್ಮ ಸೊಸೆ. ಇವತ್ತು ಸಂಜೆ ಅವರನ್ನು ಕೂರಿಸಿಕೊಂಡು ಕೇಳಿ.